ಸಾಂಗೆಗೆ ಯಾವ ಹಲಗೆ ತರಬೇಕು?

ಡೆನ್ವರಿನಲ್ಲಿರುವ ನನ್ನ ತಂಗಿಯ ಮಗನಿಗೆ ವರ್ಷಕ್ಕೆ ಎರಡೇ ಕಾಲ. ಬೆಟ್ಟದ ಮೇಲೆ ಹಿಮ ಇರುವ ತನಕ ಗಾಲಿಯಿಲ್ಲದ ಸ್ನೋಬೋರ್ಡ್, ಹಿಮ ಕರಗಿತೆಂದರೆ ಗಾಲಿಯಿರುವ ಲಾಂಗ್‌ಬೋರ್ಡ್. ಗೋವಾದ ನಮ್ಮ ಸಾಂಗೆಯಲ್ಲಿ ಕಾಲ ಬದಲಾದರೆ ಅಟ್ಟದ ಮೇಲಿನ ಛತ್ರಿ ಕೆಳಗಿಳಿಯುತ್ತದೆ, ಅಷ್ಟೇ.

ಅವನ ಶಾಲೆಗೆ ಉದ್ದನೆಯ ರಜೆ ಸಿಗುವುದು ಜೂನ್-ಜುಲೈನಲ್ಲಿ. ಹುಡುಗ ಲಾಂಗ್‌ಬೋರ್ಡನ್ನು ಎದೆಗವಚಿಕೊಂಡು ದಾಬೋಳಿ ವಿಮಾನ ನಿಲ್ದಾಣದಲ್ಲಿ ಇಳಿದ. ಇಳಿದದ್ದೇ ತಡ, ಮಳೆ. ಸಾಳಾವಲಿ ಅಣೆಕಟ್ಟೆ ತುಂಬಿ, ಬಾತುಕೋಳಿ ಕೊಕ್ಕಿನಾಕಾರದ ಕೋಡಿಯೊಳಗೆ ನೀರು ಧುಮುಕುವುದನ್ನು ನೋಡಲು ಮಡಗಾಂವಿನವರೆಲ್ಲ ಕಾರು ಮಾಡಿಕೊಂಡು ಬಂದರೆ, ಇವನೊಬ್ಬ ನೀರಿಗೆ ಬೆನ್ನು ಹಾಕಿ ಒದ್ದೆ ಡಾಂಬರನ್ನು ದುರುಗುಟ್ಟಿ ನೋಡುತ್ತಿದ್ದ. ನೀರು ಹೊಕ್ಕರೆ ಬೇರಿಂಗಿಗೆ ತುಕ್ಕು ಹಿಡಿಯುತ್ತದಂತೆ.

ಅವ್ವ ಬೋರ್ಡನ್ನು ಬೋರಲು ಹಾಕಿ, ಹೆಬ್ಬೆರಳಿನಿಂದ ಒಂದು ಗಾಲಿ ತಿರುವಿದಳು. ಅದು ತಿರುಗಿತು, ತಿರುಗುತ್ತಲೇ ಇತ್ತು.

"ಇದಕ್ಕ ಬ್ರೇಕ್ ಎಲ್ಲೈತೋ?"

"ಕಾಲೇ ಬ್ರೇಕ್, ಅಜ್ಜಿ. ನೆಲಕ್ಕ ಉಜ್ಜೋದು."

"ಮತ್ತ ಆ ಹಿಮದ ಹಲಗಿಗೆ?"

"ಅದಕ್ಕ ಎರಡೂ ಕಾಲು ಕಟ್ಟಿರ್ತಾರ. ಹಲಗಿ ಅಡ್ಡ ತಿರುಗಿಸಿದ್ರ ನಿಲ್ತದ."

"ಕಾಲು ಕಟ್ಟಿ ಗುಡ್ಡದ ಮ್ಯಾಲಿಂದ ಬಿಡ್ತಾರ? ನಿಮ್ಮವ್ವ ಅಲ್ಲಿ ಏನ್ ಮಾಡ್ತಾಳ?"

"ರೊಕ್ಕ ಕೊಡ್ತಾಳ."

ಹಿಮದ ಹಲಗೆಯ ಈ ಹುಚ್ಚಿಗೂ ಒಬ್ಬ ಅಪ್ಪನೇ ಕಾರಣ. 1965ರ ಕ್ರಿಸ್‌ಮಸ್ ದಿನ ಮಿಷಿಗನ್‌ನ ಶರ್ಮನ್ ಪಾಪೆನ್ ಎಂಬಾತ ಮಕ್ಕಳ ಆಟಕ್ಕೆಂದು ಎರಡು ಸ್ಕೀಗಳನ್ನು ಜೋಡಿಸಿಕೊಟ್ಟ. ಹೆಂಡತಿ ಅದಕ್ಕೆ ಸ್ನರ್ಫರ್ ಎಂದು ಹೆಸರಿಟ್ಟಳು. 1998ರ ನಾಗಾನೊ ಹೊತ್ತಿಗೆ ಸ್ನೋಬೋರ್ಡಿಂಗ್ ಒಲಿಂಪಿಕ್ಸನ್ನೇ ಸೇರಿತ್ತು. ನಮ್ಮಪ್ಪ ಜೋಡಿಸಿಕೊಟ್ಟಿದ್ದು ಮಗ್ಗಿ ಪುಸ್ತಕದ ಹರಿದ ಹಾಳೆಗಳನ್ನು ಮಾತ್ರ.

ಮುಂದಿನ ಸಲ ತಂಗಿ ಮಗನನ್ನೂ ಗಂಡನನ್ನೂ ಡಿಸೆಂಬರಿನಲ್ಲೇ ಕರೆತಂದಳು. ರಸ್ತೆ ಒಣಗಿತ್ತು, ಹವೆ ಹಿತವಾಗಿತ್ತು. ಈಗ ಅವ್ವನ ಅಳಿಯನ ಮುಖ ಬಾಡಿತ್ತು. ಹಿಮದ ಸೀಸನ್ ಪಾಸಿಗೆ ಮೊದಲೇ ಹಣ ಕಟ್ಟಿಯಾಗಿದೆ. ಜಾರಿದರೂ ಅಷ್ಟೇ, ಜಾರದಿದ್ದರೂ ಅಷ್ಟೇ. ಎಷ್ಟು ದಿನ ಜಾರಿದರೆ ಕೊಟ್ಟ ಹಣ ಹುಟ್ಟುತ್ತದೆಂದು ಊಟದ ನಡುವೆಯೂ ಫೋನಿನಲ್ಲಿ ಲೆಕ್ಕ ಹಾಕುತ್ತಿದ್ದ. ಅವ್ವ ಬಡಿಸಿದ ಒಂದೊಂದು ಹೋಳಿಗೆಯೂ ಅವನಿಗೆ ಡಾಲರಿನಲ್ಲಿ ಬಿತ್ತು.

ಹುಡುಗನ ಕಾಲುಗಳಾದರೋ ಇನ್ನೂ ಹಿಮದಲ್ಲೇ ಇದ್ದವು. ಇಳಿಜಾರಿನಲ್ಲಿ ಎದುರಿಗೆ ಬಸ್ಸು ಕಂಡದ್ದೇ, ಪಾದ ಉಜ್ಜುವುದನ್ನು ಬಿಟ್ಟು ಹಲಗೆಯನ್ನು ಅಡ್ಡ ತಿರುಗಿಸಿದ. ಹಲಗೆ ಒಂದು ಗಟಾರಕ್ಕೆ, ಹುಡುಗ ಇನ್ನೊಂದಕ್ಕೆ. ಬಸ್ಸು ನಿಂತಿತು. ಕಂಡಕ್ಟರ್ ಬಾಗಿಲಲ್ಲಿ ಜೋತುಬಿದ್ದು ಕೇಳಿದ: "ಪೆಟ್ಟಾತೇನೋ ತಮ್ಮಾ? ಯಾವೂರು?"

"ಡೆನ್ವರ್."

"ಅದು ಗದಗಿನ ಕಡೀಗೆ ಬರ್ತದೇನು?"

ಮೊಣಕಾಲಿಗೆ ಅವ್ವ ಅರಿಸಿನ ಮೆತ್ತಿದಳು. ಅಳಿಯ ವಿಮೆಯ ಕಾಗದ ಹುಡುಕಿದ.

ಆದ್ದರಿಂದ ಅಮೆರಿಕದ ಬಂಧುಗಳಲ್ಲಿ ಒಂದು ಅರಿಕೆ: ಸಾಂಗೆಗೆ ಬರುವುದಾದರೆ ಮೇ ತಿಂಗಳಲ್ಲಿ ಬನ್ನಿ. ಅಷ್ಟರಲ್ಲಿ ಅಲ್ಲಿ ಹಿಮದ ಪಾಸು ವಸೂಲಾಗಿರುತ್ತದೆ, ಇಲ್ಲಿ ಮಳೆ ಹಿಡಿದಿರುವುದಿಲ್ಲ. ಜಲಾಶಯದ ನೀರು ಇಳಿದು, ಮುಳುಗಿದ್ದ ಕುರ್ಡಿ ಊರು, ಗಾಯಕಿ ಮೊಗೂಬಾಯಿ ಕುರ್ಡೀಕರರ ಊರು, ಮೇಲೆ ಕಾಣುತ್ತದೆ, ಅದನ್ನೂ ನೋಡಬಹುದು. ಶಾಲೆಗೆ ಬರೆಯುವ ರಜಾ ಅರ್ಜಿಯನ್ನು ಮಾತ್ರ ನೀವೇ ನೋಡಿಕೊಳ್ಳಿ.