ದೂರದ ಪಾಠಕ್ಕೆ ಹತ್ತಿರದ ಸಭೆ

ಮಕ್ಕಳಿಗೆ ದೂರದಿಂದ ಪಾಠ ಹೇಳುವುದು ಹೇಗೆ ಎಂದು ಯೋಜನೆ ಹಾಕುವವರೆಲ್ಲ ಒತ್ತಟ್ಟಿಗೆ ಕೂತೇ ಹಾಕುತ್ತಾರೆ, ಗಮನಿಸಿದ್ದೀರಾ? ತಣ್ಣನೆಯ ಎಸಿ ಹಾಲ್, ತಟ್ಟೆಯಲ್ಲಿ ಗೋಡಂಬಿ, ಮಗ್ಗುಲಲ್ಲೇ ಪಕ್ಕದ ಜಿಲ್ಲೆಯ ಉಪನಿರ್ದೇಶಕರು. 'ಈ ಸಭೆಯನ್ನೂ ಆನ್‌ಲೈನ್‌ನಲ್ಲೇ ಮಾಡಬಹುದಿತ್ತಲ್ಲ ಸ್ವಾಮಿ?' ಅಂದು ನೋಡಿ. 'ಛೆ ಛೆ, ಎದುರುಬದುರು ಕೂತರೇ ವಿಷಯ ತಲೆಗೆ ಹೋಗೋದು' ಅನ್ನುತ್ತಾರೆ. ದೊಡ್ಡವರ ತಲೆ ಅಲ್ಲವೇ, ದಪ್ಪ. ಐದನೇ ಕ್ಲಾಸಿನ ಹುಡುಗನ ತಲೆಗೆ ಮಾತ್ರ ಭಿನ್ನರಾಶಿ ಮೊಬೈಲಿನಿಂದ ನೇರವಾಗಿ ಇಳಿದುಬಿಡಬೇಕು.

ಇಂಥ ಸಭೆಯಲ್ಲಿ ಉದ್ಘಾಟಕರು ಏಕಲವ್ಯನನ್ನು ಎಳೆದು ತರದೇ ಬಿಡುವುದಿಲ್ಲ. ನಮ್ಮ ದೇಶದ ಮೊಟ್ಟಮೊದಲ ದೂರಶಿಕ್ಷಣದ ವಿದ್ಯಾರ್ಥಿ ಅವನೇ ಅಂತ ಚಪ್ಪಾಳೆ ಗಿಟ್ಟಿಸುತ್ತಾರೆ. ಅವನ ಕೋರ್ಸಿನ ಫೀಸು ಬಲಗೈ ಹೆಬ್ಬೆರಳಾಗಿತ್ತು ಅನ್ನುವ ಸಣ್ಣ ಅಕ್ಷರದ ಷರತ್ತನ್ನು ಓದುವುದಿಲ್ಲ. ಈಗಿನ ಮಕ್ಕಳ ವಿಷಯದಲ್ಲಿ ಲೆಕ್ಕ ತಿರುಗಿದೆ. ಹೆಬ್ಬೆರಳೊಂದು ಪೊಗದಸ್ತಾಗಿ ಬೆಳೆದಿದೆ, ಸ್ಕ್ರೀನು ಉಜ್ಜಿ ಉಜ್ಜಿ. ಬಿಲ್ವಿದ್ಯೆಯದೇ ಚಿಂತೆ.

ದೂರದ ಪಾಠ ಕೊರೋನಾ ಕಾಲದಲ್ಲಿ ಹುಟ್ಟಿದ ಕೂಸು ಅಂದುಕೊಂಡವರಿಗೆ ಒಂದಿಷ್ಟು ಚರಿತ್ರೆ ಹೇಳಿಬಿಡುತ್ತೇನೆ. ಮನೆಯಲ್ಲಿ ಟಿವಿ ಅನ್ನುವುದೇ ಬಹುಪಾಲು ಊರುಗಳಿಗೆ ಗೊತ್ತಿಲ್ಲದ 1975ರ ಆಗಸ್ಟಿನಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರದ ಹಳ್ಳಿಗಳಿಗೆ ಟಿವಿ ಬಂತು, ಅದೂ ಉಪಗ್ರಹದಿಂದ. ಸೈಟ್ ಅನ್ನುವ ಆ ಪ್ರಯೋಗ ಆರು ರಾಜ್ಯಗಳ 2,400 ಹಳ್ಳಿಗಳಲ್ಲಿ ನಡೆಯಿತು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ ಕಾರ್ಯಕ್ರಮ, ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯ. ಕೋಳಿಗೂಡಿಗೆ ಹೊಡೆಯುವ ತಂತಿಬಲೆಯಲ್ಲೇ ಹತ್ತಡಿಯ ಆಂಟೆನಾ ಮಾಡಿ ನಿಲ್ಲಿಸಿದ್ದರು. ಊರ ಕೋಳಿಗಳು ಅದನ್ನು ನೋಡಿ ಏನಂದುಕೊಂಡವೋ. ಉಪಗ್ರಹ ಮಾತ್ರ ನಮ್ಮದಲ್ಲ, ಅಮೆರಿಕದ ನಾಸಾದವರದು, ಒಂದು ವರ್ಷದ ಮಟ್ಟಿಗೆ ಕೈಗಡ. 1976ರ ಜುಲೈ ಮುಗಿಯಿತು, ಧಣಿಗಳು ಉಪಗ್ರಹವನ್ನು ಹಿಂದಕ್ಕೆ ಸರಿಸಿಕೊಂಡರು. ಪರದೆ ಬೆಳ್ಳಗಾಯಿತು. ಮರುದಿನವೂ ಶಾಲೆಗೆ ತಪ್ಪದೆ ಬಂದವರು ಯಾರು ಅಂದರೆ ಮೇಷ್ಟ್ರು. ಅವರನ್ನು ಹಿಂದಕ್ಕೆ ಕೇಳುವ ಧಣಿ ಯಾವ ದೇಶದಲ್ಲೂ ಇರಲಿಲ್ಲ.

ಆಮೇಲೆ ರೇಡಿಯೊದ ಸರದಿ. ಆಕಾಶವಾಣಿಯಲ್ಲಿ 'ಕೇಳಿ-ಕಲಿ' ಬಂತು, 'ಚಿಣ್ಣರ ಚುಕ್ಕಿ' ಬಂತು. ರೇಡಿಯೊ ಒಂದು ಪ್ರಶ್ನೆ ಕೇಳಿ ತುಸು ಸುಮ್ಮನಾಗುತ್ತದೆ. ಆ ಬಿಡುವಿನಲ್ಲಿ ಮಕ್ಕಳು ಒಕ್ಕೊರಲಿನಿಂದ ಉತ್ತರ ಕೂಗಬೇಕು. ಎಷ್ಟು ಚೆಂದದ ಏರ್ಪಾಡು! ಆದರೆ ಉತ್ತರ ತಪ್ಪಾದರೂ ರೇಡಿಯೊ 'ಶಭಾಷ್' ಅಂದು ಮುಂದೆ ಹೋಗುತ್ತದೆ. 'ಏಯ್, ಇನ್ನೊಂದ್ಸಲ ಹೇಳು' ಅನ್ನುವುದಕ್ಕೆ ಪಕ್ಕದಲ್ಲಿ ಟೀಚರ್ ನಿಂತಿರಲೇಬೇಕು. 2004ರ ಸೆಪ್ಟೆಂಬರಿನಲ್ಲಿ ನಮ್ಮದೇ ಉಪಗ್ರಹ ಎಜುಸ್ಯಾಟ್ ಹಾರಿತು, ಅದೂ ಪಾಠಕ್ಕೆಂದೇ. ಪ್ರಾಥಮಿಕ ಶಾಲೆಗಳಲ್ಲಿ ಅದರ ಪ್ರಯೋಗಕ್ಕೆ ಆಯ್ಕೆಯಾದದ್ದು ನಮ್ಮ ಚಾಮರಾಜನಗರ ಜಿಲ್ಲೆ. ಉಪಗ್ರಹವೇನೋ ನೆಲದಿಂದ ಮೂವತ್ತಾರು ಸಾವಿರ ಕಿಲೋಮೀಟರ್ ಮೇಲಿಂದ ಪಾಠ ಇಳಿಸುತ್ತಿತ್ತು. ಪ್ಲಗ್ಗು ಚುಚ್ಚುವುದಕ್ಕೆ, ಕರೆಂಟು ಹೋದಾಗ ಕಥೆ ಹೇಳಿ ಮಕ್ಕಳನ್ನು ಕೂರಿಸಿಕೊಳ್ಳುವುದಕ್ಕೆ ಕೊನೆಯ ಮೂರಡಿಯಲ್ಲಿ ಮತ್ತೆ ಅದೇ ಮೇಷ್ಟ್ರು.

2020 ಬಂತು, ಶಾಲೆಗೆ ಬೀಗ ಬಿತ್ತು. ಜೂನಿನಲ್ಲಿ ಸರ್ಕಾರ 'ಐದನೇ ತರಗತಿಯವರೆಗೆ ಆನ್‌ಲೈನ್ ಪಾಠವೇ ಬೇಡ' ಅಂದಿತು. ಜುಲೈನಲ್ಲಿ ಹೈಕೋರ್ಟು ಆ ಆದೇಶಕ್ಕೆ ತಡೆ ಕೊಟ್ಟಿತು. ಬೇಕು-ಬೇಡ ಎಂದು ದೊಡ್ಡವರು ವಾದಿಸುವಾಗ, ಆ ವಾದಕ್ಕೆ ಸಂಬಂಧವೇ ಇಲ್ಲದ ಮಕ್ಕಳು ಹಳ್ಳಿಗಳಲ್ಲಿ ಕುರಿ ಹೊಡೆದುಕೊಂಡಿದ್ದರು. ದೇಶದ ಹಳ್ಳಿಮನೆಗಳಲ್ಲಿ ಇಂಟರ್ನೆಟ್ ಸೌಲಭ್ಯ ಇದ್ದದ್ದು ನೂರಕ್ಕೆ ಹದಿನೈದರಲ್ಲಿ ಅಂತ 2017-18ರ ಸರ್ಕಾರಿ ಸಮೀಕ್ಷೆಯೇ ಹೇಳಿತ್ತು. ಚಂದನ ವಾಹಿನಿಯಲ್ಲಿ 'ಸಂವೇದ' ಪಾಠಗಳು ಬಂದಾಗ ಗದಗ ಜಿಲ್ಲೆಯ ತಾಯಿಯೊಬ್ಬರು ಮಕ್ಕಳಿಗೆ ಟಿವಿ ತರಲೆಂದು ಮಾಂಗಲ್ಯ ಅಡವಿಟ್ಟ ಸುದ್ದಿ ಓದಿದ್ದೀರಿ. ಮರುವರ್ಷ ಸುಳ್ಯದ ಕಡೆ ಮಗಳು ರಸ್ತೆ ಬದಿಯಲ್ಲಿ ಕೂತು ಕ್ಲಾಸು ಕೇಳುತ್ತಿದ್ದಾಗ ಅಪ್ಪ ಮಳೆಯಲ್ಲಿ ಕೊಡೆ ಹಿಡಿದು ನಿಂತ ಫೋಟೊ ನೋಡಿದ್ದೀರಿ. ಎಲ್ಲರೂ ಆ ಅಪ್ಪನನ್ನು ಕೊಂಡಾಡಿದರು. ಆ ಕೊಡೆಯ ಖರ್ಚು ಯಾವ ಬಜೆಟ್ಟಿನಲ್ಲೂ ಇರಲಿಲ್ಲ ನೋಡಿ, ಕೊಂಡಾಟಕ್ಕೆ ದುಡ್ಡು ಬೀಳುವುದಿಲ್ಲ.

ಆ ಗದ್ದಲದ ನಡುವೆ ಇಲಾಖೆಗೆ ಒಂದು ಒಳ್ಳೆಯ ಬುದ್ಧಿ ಹೊಳೆಯಿತು. ಬೈಯುವ ಭರದಲ್ಲಿ ಅದನ್ನು ಮರೆಯಬಾರದು. ಮಕ್ಕಳು ಶಾಲೆಗೆ ಬರಲಾಗದಿದ್ದರೆ ಮೇಷ್ಟ್ರೇ ಮಕ್ಕಳಿದ್ದಲ್ಲಿಗೆ ಹೋಗಲಿ ಅಂದರು. 2020ರ ಆಗಸ್ಟಿನಲ್ಲಿ ಶುರುವಾದ 'ವಿದ್ಯಾಗಮ' ಅಂದರೆ ಅದೇ. ನೆಟ್ ಇರುವ ಫೋನು ಯಾರ ಮನೆಯಲ್ಲಿದೆ, ಬರಿಯ ಫೋನು ಯಾರಲ್ಲಿದೆ, ಏನೂ ಇಲ್ಲದವರು ಯಾರು ಎಂದು ಮಕ್ಕಳನ್ನು ಗುಂಪು ಮಾಡಿಕೊಂಡು ಗುಡಿಯ ಜಗಲಿ, ಅರಳಿಕಟ್ಟೆ, ಸಮುದಾಯ ಭವನ ಎಲ್ಲವನ್ನೂ ತರಗತಿ ಮಾಡಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ನಿಂತಿತು, ಜನವರಿಯಲ್ಲಿ ಶಾಲೆಯ ಆವರಣದಲ್ಲೇ ಮತ್ತೆ ಶುರುವಾಯಿತು. ದೂರಶಿಕ್ಷಣದ ಅತ್ಯುತ್ತಮ ತಂತ್ರ ದೂರ ಹೋಗದಿರುವುದು ಎಂದು ಅರ್ಥವಾಯಿತಲ್ಲ ಅಂತ ನಾನು ಖುಷಿಪಟ್ಟೆ. ಶಾಲೆ ತೆರೆದ ಮೇಲೆ ಅದನ್ನು ಎಲ್ಲರೂ ಸಲೀಸಾಗಿ ಮರೆತರು.

ಕಾಲೇಜಿನವರ ದೂರಶಿಕ್ಷಣಕ್ಕಂತೂ ನಮ್ಮಲ್ಲಿ ಭಲೇ ಇತಿಹಾಸ. 1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಅಂಚೆ ತೆರಪಿನ ಶಿಕ್ಷಣ ಶುರುಮಾಡಿತು. 1996ರಲ್ಲಿ ಅದೇ ಬೆಳೆದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಗುಮಾಸ್ತರು, ಕಂಡಕ್ಟರುಗಳು, ಮದುವೆಯಾಗಿ ಓದು ಬಿಟ್ಟ ಹೆಣ್ಣುಮಕ್ಕಳು ಎಷ್ಟೋ ಜನ ಹಾಗೆ ಪದವಿ ಪಡೆದರು. ಎಲ್ಲವೂ ಅಂಚೆಯಲ್ಲೇ ಎಂದರೂ 'ಸಂಪರ್ಕ ತರಗತಿ' ಅಂತ ಇಡಲೇಬೇಕಾಯಿತು ನೋಡಿ! ಮುಂದೆ ರಾಜ್ಯದ ಗಡಿ ದಾಟಿ ಕೇಂದ್ರ ತೆರೆದರು, ತಾಂತ್ರಿಕ ಕೋರ್ಸು ನಡೆಸಿದರು ಎಂದು ಯುಜಿಸಿ ಕಣ್ಣು ಕೆಂಪಗೆ ಮಾಡಿ 2013-14ರಿಂದಾಚೆಗೆ ಮಾನ್ಯತೆ ಇಲ್ಲ ಅಂದಿತು. ಅದು ಮರಳಿ ಸಿಕ್ಕಿದ್ದು 2018ರಲ್ಲಿ. ದೂರಶಿಕ್ಷಣದ ಮೇಲೆ ಬಂದ ಆರೋಪ, ತೀರಾ ದೂರ ಹೋಯಿತು ಎಂಬುದು! ನಡುವೆ ಸಿಕ್ಕಿಕೊಂಡು ಒದ್ದಾಡಿದವರು ಮಾತ್ರ ಹತ್ತಿರದ ವಿದ್ಯಾರ್ಥಿಗಳು.

ಈಗ ಇಂಥ ಸಭೆಗಳಲ್ಲಿ ಕೇಳಿಬರುವ 'ಪ್ರಾದೇಶಿಕ ಕಾರ್ಯತಂತ್ರ'ಕ್ಕೆ, ಅಂದರೆ ಒಂದೊಂದು ಸೀಮೆಗೆ ತಕ್ಕ ಯೋಜನೆಗೆ, ಬರೋಣ. ಬೆಂಗಳೂರಿನಿಂದ ಹೊರಡುವ ಸುತ್ತೋಲೆ ಒಂದೇ ಅಳತೆಯಲ್ಲಿ ಹೊಲಿದ ಯೂನಿಫಾರ್ಮಿನ ಹಾಗೆ: ಕೆಲವರಿಗೆ ಮೊಣಕಾಲು ಕಾಣುತ್ತದೆ, ಕೆಲವರು ಒಳಗೇ ಕಾಣೆಯಾಗುತ್ತಾರೆ. ಜುಲೈನ ಮಲೆನಾಡಿನಲ್ಲಿ ಮರ ಬಿದ್ದರೆ ಕರೆಂಟು ಬರುವುದು ಯಾವಾಗಲೋ; ನೆಟ್‌ವರ್ಕ್ ಸಿಗುವುದು ಗುಡ್ಡದ ತಲೆಯ ಮೇಲೆ, ಜಿಗಣೆಗಳ ಸಾಂಗತ್ಯದಲ್ಲಿ. ರಾಯಚೂರು, ಯಾದಗಿರಿಯ ಕಡೆ ಸಿಗ್ನಲ್ ಇದ್ದೀತು, ಹುಡುಗನೇ ಇಲ್ಲ. ಅಪ್ಪ-ಅಮ್ಮನ ಜೊತೆ ಬೆಂಗಳೂರಿಗೆ ಗುಳೆ ಹೋಗಿದ್ದಾನೆ. ಬೆಂಗಳೂರಿನಲ್ಲಿ ಸಿಗ್ನಲ್ಲೂ ಇದೆ, ಹುಡುಗನೂ ಇದ್ದಾನೆ, ಆದರೆ ಕ್ಯಾಮೆರಾ ಆಫ್ ಮಾಡಿ ಇನ್ನೊಂದು ಕಿಟಕಿಯಲ್ಲಿ ಗೇಮ್ ಆಡುತ್ತಿದ್ದಾನೆ. ಮೂವರ ಹೆಸರಿನ ಮುಂದೆಯೂ 'ವಿಡಿಯೊ ಲಿಂಕ್ ಕಳಿಸಲಾಗಿದೆ' ಎಂದು ಟಿಕ್ ಹಾಕಿದರೆ ಮೇಲಿನವರಿಗೆ ಸಮಾಧಾನ.

ನನ್ನನ್ನು ಯಾರೂ ಸಲಹೆ ಕೇಳಿಲ್ಲ. ಕೇಳದಿದ್ದರೂ ಹೇಳದೆ ಇದ್ದರೆ ನಾನೆಂಥ ಹರಟೆಮಲ್ಲ? ಮಲೆನಾಡಿಗೆ ಮಳೆಗಾಲದ ಮೂರು ತಿಂಗಳು ಅಚ್ಚಾದ ಪಾಠದ ಹಾಳೆ, ರೇಡಿಯೊ. ಸಿಆರ್‌ಪಿಗಳು, ಅಂದರೆ ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿಗಳು, ಅಂಚೆಯವರ ಕೈಯಲ್ಲಿ ಕಳಿಸಲಿ, ವಾರ ಬಿಟ್ಟು ಉತ್ತರದ ಹಾಳೆ ತರಿಸಿಕೊಳ್ಳಲಿ. ಗುಳೆ ಹೋಗುವ ಮಗುವಿನ ದಾಖಲೆ ಅವನ ಜೊತೆಗೇ ಹೊರಟು, ಕಟ್ಟಡ ಕೆಲಸದ ಶೆಡ್ಡಿನ ಹತ್ತಿರದ ಶಾಲೆಗೆ ಅವನಿಗಿಂತ ಮೊದಲು ಮುಟ್ಟಲಿ. ಸ್ಕ್ರೀನು ಇರುವ ಕಡೆ ಸ್ಕ್ರೀನಿನ ಪಕ್ಕ ಒಬ್ಬ ಅಕ್ಕನೋ ಅಣ್ಣನೋ ಕೂರಲಿ; ಪಿಯುಸಿ ಮುಗಿಸಿ ಮನೆಯಲ್ಲಿರುವ ಹುಡುಗಿಯರು ಊರೂರಲ್ಲಿ ಇದ್ದಾರೆ, ಅವರಿಗೆ ಸಂಬಳ ಕೊಡಲಿ. ಕಳಿಸಿದ ವಿಡಿಯೊ ಎಣಿಸುವುದು ಬಿಟ್ಟು ಬಂದ ಉತ್ತರ ಎಣಿಸಲಿ. ಮೇಷ್ಟ್ರಿಗೆ ಬೈಕಿನ ಪೆಟ್ರೋಲ್ ದುಡ್ಡು, ಮತ್ತೆ ಜನಗಣತಿ, ಚುನಾವಣೆ ಎಂದು ಎಳೆದಾಡದ ಒಂದಿಷ್ಟು ದಿನ.

ಇದನ್ನು ಲೆಕ್ಕಪತ್ರ ನೋಡುವ ಸ್ನೇಹಿತರೊಬ್ಬರಿಗೆ ಓದಿ ಹೇಳಿದೆ. ಪಾಪ, ಮೊದಲಿನಿಂದ ಕೊನೆಯವರೆಗೆ ಕೇಳಿದರು. 'ಎಲ್ಲಾ ಸರಿ ಕಣಯ್ಯ, ಆದರೆ ಇದರಲ್ಲಿ ಖರೀದಿ ಎಲ್ಲಿದೆ? ಹಾಳೆ, ಅಂಚೆ, ಪೆಟ್ರೋಲು, ಹುಡುಗಿಯರ ಸಂಬಳ, ಇಷ್ಟಕ್ಕೆ ಯಾರು ಟೆಂಡರ್ ಹಾಕ್ತಾರೆ? ಟೆಂಡರ್ ಇಲ್ಲದ ಕಡತ ಮೇಜಿನಿಂದ ಮೇಜಿಗೆ ದಾಟೋದಿಲ್ಲ' ಅಂದರು. ಅನುಭವಸ್ಥರ ಮಾತು, ತಳ್ಳಿಹಾಕಲಾಗಲಿಲ್ಲ. ಹಾಗಾಗಿ ಯೋಜನೆಗೆ ತಾಲ್ಲೂಕಿಗೊಂದರಂತೆ ಡ್ರೋನ್ ಸೇರಿಸಿದ್ದೇನೆ. ಅದು ಏನು ಪಾಠ ಮಾಡುತ್ತದೆ ಎಂದು ಮಾತ್ರ ಕೇಳಬೇಡಿ. ಎಸ್ಟಿಮೇಟ್ ಭರ್ಜರಿಯಾಗಿ ಬಂದಿದೆ.