ಏನೂ ಕೊಳ್ಳದವರ ಮಾಲು

ಮಾಲ್ ಹುಟ್ಟಿದ್ದು ಚಳಿಗೆ ಹೆದರಿ ಎಂದರೆ ಬೆಂಗಳೂರಿನವರು ನಂಬುವುದಿಲ್ಲ. 2004ರಲ್ಲಿ ಕೋರಮಂಗಲದಲ್ಲಿ ಫೋರಂ ಮಾಲ್ ಬಾಗಿಲು ತೆರೆದಾಗ ನಾವು ಹೋದದ್ದು ಊರಿನಿಂದ ಬಂದ ನೆಂಟರಿಗೆ ಎಸ್ಕಲೇಟರ್ ತೋರಿಸಲು. ಹತ್ತಿದ್ದಾಯಿತು, ಇಳಿದದ್ದಾಯಿತು, ಮನೆಗೆ ಬಂದು ಉಪ್ಪಿಟ್ಟು ತಿಂದದ್ದಾಯಿತು. ಅಂಥ ಕಟ್ಟಡಕ್ಕೂ ಒಂದು ಇತಿಹಾಸವಿರಬಹುದೆಂದು ಯಾರಿಗೂ ತೋಚಲಿಲ್ಲ.

ಇತಿಹಾಸ ಕಾಲಿಗೆ ತೊಡರಿದ್ದು ಅಮೆರಿಕದಲ್ಲಿ, ಮಿನಿಯಾಪೊಲಿಸ್ ಪಕ್ಕದ ಎಡೈನಾದಲ್ಲಿ. ಮಗಳ ಮನೆಯಲ್ಲಿ ಚಳಿಗಾಲ ಕಳೆಯಲು ಹೋಗಿದ್ದೆವು. ಅಲ್ಲಿನ ಜನವರಿಯಲ್ಲಿ ಬಾಗಿಲು ತೆಗೆದರೆ ಮೊದಲು ಮೂಗು ರಾಜೀನಾಮೆ ಕೊಡುತ್ತದೆ. ನಮ್ಮವರಿಗೋ ಸಕ್ಕರೆ ಕಾಯಿಲೆ, ದಿನಾ ನಡೆಯಲೇಬೇಕು. “ಸೌತ್‌ಡೇಲ್ ಮಾಲಿಗೆ ಹೋಗಪ್ಪಾ, ಅಲ್ಲಿ ವಯಸ್ಸಾದೋರೆಲ್ಲ ಒಳಗೇ ವಾಕ್ ಮಾಡ್ತಾರೆ” ಎಂದಳು ಮಗಳು. ಆಫೀಸಿಗೆ ಹೋಗುವ ಅಳಿಯ ನಮ್ಮಿಬ್ಬರನ್ನೂ ಬೆಳಿಗ್ಗೆ ಅಲ್ಲಿ ಇಳಿಸಿ ಹೋಗತೊಡಗಿದ.

ಪಿ.ಡಬ್ಲ್ಯು.ಡಿ.ಯಲ್ಲಿ ಇಂಜಿನಿಯರಾಗಿ ನಿವೃತ್ತರಾದವರ ಜೊತೆ ಮಾಲಿಗೆ ಹೋಗುವ ಕಷ್ಟ ನನಗೇ ಗೊತ್ತು. ನಾನು ಸ್ವೆಟರುಗಳನ್ನು ನೋಡುತ್ತಿದ್ದರೆ ಅವರು ಮಾಡು ನೋಡುತ್ತಾರೆ, ಎಲ್ಲಿ ಸೋರುತ್ತಿದೆ ಎಂದು. ಸೋರುತ್ತಿರಲಿಲ್ಲ. ಅದೊಂದು ಬೇಸರ ಅವರಿಗೆ ಕೊನೆಯವರೆಗೂ ಇತ್ತು. ಆ ಬೇಸರದಲ್ಲೇ ಕೂತು ಮಾಲಿನ ಜಾತಕವನ್ನೆಲ್ಲ ಓದಿ ತೆಗೆದರು.

1956ರ ಅಕ್ಟೋಬರ್ 8ರಂದು ತೆರೆದ ಸೌತ್‌ಡೇಲ್, ಪೂರ್ತಿ ಮಾಡು ಹೊದಿಸಿ ಒಳಗಿನ ಹವೆಯನ್ನೂ ಹದಗೊಳಿಸಿದ ಅಮೆರಿಕದ ಮೊದಲ ಉಪನಗರ ಮಾಲ್. ಖರ್ಚು 2 ಕೋಟಿ ಡಾಲರ್, ಅಂಗಡಿ 72. ನೆಮ್ಮದಿಯಾಗಿ ಬೀದಿಯಲ್ಲಿ ಅಂಗಡಿ ಸುತ್ತುವಂಥ ಹವೆ ಆ ಸೀಮೆಯಲ್ಲಿ ವರ್ಷಕ್ಕೆ 126 ದಿನ ಮಾತ್ರ ಎಂದು ಲೆಕ್ಕ ಹಾಕಿದ್ದರಂತೆ. ಮಿಕ್ಕ ದಿನಗಳನ್ನು ಮಾಡಿನ ಕೆಳಗೆ ತರುವುದೇ ಯೋಜನೆ. ಹೊರಗಿನಿಂದ ಬೋಳು ಗೋಡೆ, ಎಲ್ಲ ಅಂಗಡಿಗಳ ಮುಖವೂ ಒಳಕ್ಕೆ, ನಡುವೆ ಮೇಲಿನಿಂದ ಬೆಳಕು ಬೀಳುವ ಅಂಗಳ. “ನಮ್ಮಜ್ಜಿಯ ತೊಟ್ಟಿ ಮನೆ ಕಣೇ ಇದು, ಹಸು ಒಂದಿಲ್ಲ” ಎಂದರು ಇವರು.

ಕಟ್ಟಿಸಿದ್ದು ಡೇಟನ್ ಮನೆತನದ ಕಂಪನಿ. ಇಂದಿನ ಟಾರ್ಗೆಟ್ ಬೆಳೆದದ್ದು ಅದರಿಂದಲೇ. ಬೆಂಗಳೂರಿನ ಮಾನ್ಯತಾ ಟೆಕ್‌ಪಾರ್ಕಿನಲ್ಲಿ ಟಾರ್ಗೆಟ್ ಕಚೇರಿಯಿದೆ. ಅಲ್ಲಿಂದ ಮಿನಿಯಾಪೊಲಿಸ್‌ಗೆ ಹಾರಿದವರಲ್ಲಿ ನನ್ನ ಅಳಿಯನೂ ಒಬ್ಬ. ಹಾಗಾಗಿ ಆ ಅಂಗಳದಲ್ಲಿ ನಾವು ಚಪ್ಪಲಿ ಸವೆಸಿದ್ದಕ್ಕೂ ಅದನ್ನು ಕಟ್ಟಿಸಿದವರೇ ಹೊಣೆ.

ವಿನ್ಯಾಸ ಮಾಡಿದ ವಿಕ್ಟರ್ ಗ್ರುಯೆನ್ ಕಥೆ ಇನ್ನೂ ಸೊಗಸು. ವಿಯೆನ್ನಾದ ಯೆಹೂದಿ, ಹಗಲು ವಾಸ್ತುಶಿಲ್ಪಿ, ರಾತ್ರಿ ಹಾಸ್ಯನಾಟಕದವನು. 1938ರಲ್ಲಿ ಹಿಟ್ಲರ್ ಬಂದಾಗ, ನಾಟಕದ ಗೆಳೆಯನೊಬ್ಬ ನಾಜಿ ಸಮವಸ್ತ್ರದ ವೇಷ ತೊಟ್ಟು ಈತನನ್ನು ವಿಮಾನ ನಿಲ್ದಾಣಕ್ಕೆ ದಾಟಿಸಿದನಂತೆ. ಹಾಸ್ಯನಾಟಕದವರ ಸಹವಾಸ ಅಂಥ ಹೊತ್ತಿಗೂ ಆಗುತ್ತದೆ. ನ್ಯೂಯಾರ್ಕಿನಲ್ಲಿ ಇಳಿದಾಗ ಜೇಬಿನಲ್ಲಿ ಇದ್ದದ್ದು 8 ಡಾಲರ್.

ಆತನಿಗೆ ಕಾರು ಕಂಡರೆ ಆಗದು. ವಿಯೆನ್ನಾದ ಚೌಕಗಳಲ್ಲಿ ಜನ ನಡೆಯುವುದು, ಕೂರುವುದು, ಕಾಫಿ ಕುಡಿದು ಹರಟುವುದು ಅವನಿಗೆ ಅಭ್ಯಾಸ. ಸೌತ್‌ಡೇಲ್ ಸುತ್ತ ಮನೆ, ಶಾಲೆ, ಆಸ್ಪತ್ರೆ, ಉದ್ಯಾನ, ಕೆರೆ ಎಲ್ಲ ಸೇರಿ ಒಂದು ಊರೇ ಆಗಬೇಕೆಂದು ನಕ್ಷೆ ಬರೆದಿದ್ದ. ಮಾಲ್ ಎದ್ದಿತು. ಊರಿನ ಬದಲು ಕಾರು ನಿಲ್ಲಿಸುವ ಬಯಲು ಹರಡಿತು. ಕಾರಿನಿಂದ ಜನರನ್ನು ಇಳಿಸಲು ಹೊರಟವನು ಸಾವಿರಾರು ಕಾರುಗಳಿಗೆ ಜಾಗ ಮಾಡಿಕೊಟ್ಟಂತಾಯಿತು.

ತೆರೆದ ತಿಂಗಳೊಪ್ಪತ್ತಿನಲ್ಲಿ ಎಂಬತ್ತೊಂಬತ್ತರ ಫ್ರಾಂಕ್ ಲಾಯ್ಡ್ ರೈಟ್ ಬಂದು ನೋಡಿ, ಹಳ್ಳಿಬೀದಿಯ ಕೆಡುಕೆಲ್ಲ ಇಲ್ಲಿದೆ, ಚೆಲುವು ಮಾತ್ರ ಇಲ್ಲ, ಇಂಥ ಕಡೆ ಯಾರು ಕೂರುತ್ತಾರೆ ಎಂದು ಮೂಗು ಮುರಿದರು. ಮಹಾನ್ ವಾಸ್ತುಶಿಲ್ಪಿ, ನಿಜ. ಆದರೆ ಕೂರಲು ಯಾರು ಬರುತ್ತಾರೆಂದು ತಿಳಿಯಲು ಅವರು ಬೆಳಿಗ್ಗೆ ಬರಬೇಕಿತ್ತು.

ಅಂಗಡಿಗಳ ಬಾಗಿಲು ತೆಗೆಯುವ ಮೊದಲೇ ಬಿಳಿ ಬೂಟಿನ ಅಜ್ಜ ಅಜ್ಜಿಯರ ದಂಡು ಸುತ್ತು ಹಾಕುತ್ತಿರುತ್ತದೆ. ಎರಡು ಸುತ್ತಿಗೆ ನಮಸ್ಕಾರ, ನಾಲ್ಕನೆಯದಕ್ಕೆ ಮಂಡಿನೋವಿನ ವಿಚಾರ, ಆಮೇಲೆ ಸೊಸೆಯಂದಿರು. ಒಬ್ಬ ಅಜ್ಜಿ ಚಿಕ್ಕವಳಿದ್ದಾಗ ಅಂಗಳದಲ್ಲಿ ಎರಡಾಳೆತ್ತರ ಮೀರಿದ ಪಂಜರವನ್ನೂ ಅದರ ತುಂಬ ಹಕ್ಕಿಗಳನ್ನೂ ಕಂಡದ್ದನ್ನು ಹೇಳಿದರು. ಹಕ್ಕಿಕಾಳಿನ ಖರ್ಚನ್ನು ಯಾವ ಹೆಡ್ಡಿನಲ್ಲಿ ಬರೆಯುತ್ತಿದ್ದರು ಎಂದು ನಮ್ಮವರು ಕೇಳಿದರು. ಅಜ್ಜಿಗೆ ತಿಳಿಯಲಿಲ್ಲ.

ಮಾಲಿಗೆ ಒಂದು ಮಾಯೆಯುಂಟಂತೆ: ಕಾಲುಚೀಲಕ್ಕೆಂದು ಬಂದವರು ಥಳುಕು ನೋಡಿ ಬಂದ ಕೆಲಸ ಮರೆತು ಕೈಗೆ ಸಿಕ್ಕಿದ್ದನ್ನೆಲ್ಲ ಕೊಳ್ಳುತ್ತಾರೆ. ಆ ಮರೆವಿಗೆ ಪಾಪ, ಗ್ರುಯೆನ್ ಹೆಸರನ್ನೇ ಇಟ್ಟಿದ್ದಾರೆ. ನಮ್ಮ ಮೇಲೆ ಅದು ನಡೆಯಲಿಲ್ಲ. ಏನನ್ನೂ ಕೊಳ್ಳಲು ಬಾರದವರು ಮರೆಯುವುದಾದರೂ ಏನನ್ನು? ಆತ ಬಯಸಿದ್ದನ್ನು, ಎಂದರೆ ನಡೆಯುವುದು, ಕೂರುವುದು, ಹರಟುವುದನ್ನು, ಚಾಚೂ ತಪ್ಪದೆ ನಡೆಸಿಕೊಟ್ಟವರು ಒಂದು ಕಾಸೂ ಬಿಚ್ಚದ ನಾವೇ.

ಗ್ರುಯೆನ್‌ಗೆ ಅದನ್ನು ಹೇಳುವವರಿರಲಿಲ್ಲ. ಬೇಸತ್ತು ವಿಯೆನ್ನಾಕ್ಕೆ ಮರಳಿದರೆ, 1976ರಲ್ಲಿ ಅದೇ ಊರಿನ ತೆಂಕಣ ಅಂಚಿನಲ್ಲಿ ಒಂದು ದೈತ್ಯ ಮಾಲ್ ಎದ್ದು ನಿಂತಿತು. 1978ರಲ್ಲಿ, ಈ ಹಾದರದ ಕೂಸುಗಳಿಗೆಲ್ಲ ನಾನು ಜೀವನಾಂಶ ಕೊಡಲಾರೆ ಎಂದು ಸಿಡುಕಿದ. ನಾಲ್ಕು ಮದುವೆಯಾದವನು, ಲೆಕ್ಕ ಗೊತ್ತಿದ್ದೇ ಆಡಿರಬೇಕು. ಎರಡು ವರ್ಷಕ್ಕೆ ತೀರಿಕೊಂಡ.

ಈಗ ಸೌತ್‌ಡೇಲ್‌ನ ಕಾರು ಬಯಲಿನ ಅಂಚಿಗೆ ಅಪಾರ್ಟ್‌ಮೆಂಟುಗಳು ಎದ್ದಿವೆ. ನಕ್ಷೆಯಲ್ಲಿದ್ದ ಮನೆಗಳು ಸುಮಾರು ಅರವತ್ತು ವರ್ಷ ತಡವಾಗಿ ಬಂದಿವೆ. “ನಮ್ಮ ಇಲಾಖೆಯಲ್ಲಾದರೆ ಇದನ್ನ ತಡ ಅನ್ನಲ್ಲ” ಎಂದರು ಇವರು. ಜೆ.ಸಿ. ಪೆನ್ನಿ ಅಂಗಡಿ ಇದ್ದ ಕಡೆ ಭಾರಿ ಜಿಮ್ ಬಂದಿದೆ. ಅಲ್ಲಿ ಜನ ತಿಂಗಳಿಗಿಷ್ಟು ಎಂದು ತೆತ್ತು, ಓಡುವ ಪಟ್ಟಿಯ ಮೇಲೆ ನಿಂತಲ್ಲೇ ನಡೆಯುತ್ತಾರೆ.

“ಗೋಡೆಯ ಈಚೆ ಪುಕ್ಕಟೆ ನಡೀಬಹುದಲ್ಲೇ, ಪಾಪ, ಹೇಳೋಣವಾ ಅವರಿಗೆ?” ಎಂದರು ನಮ್ಮವರು.

“ಸುಮ್ಮನಿರಿ, ಅವರೂ ಬಂದರೆ ನಮಗೆ ಬೆಂಚು ಸಿಕ್ಕಲ್ಲ” ಎಂದೆ.