ಹೆಡರ್ ಮೇಷ್ಟ್ರು

ಸಣ್ಣಪುಟ್ಟ ಸಾಫ್ಟ್‌ವೇರ್ ಕಂಪನಿಗಳಲ್ಲಿ ಇಂಥವರೊಬ್ಬರು ಇದ್ದೇ ಇರುತ್ತಾರೆ. ನಮ್ಮಲ್ಲಿರುವವರನ್ನು ಹುಡುಗರು ಹೆಡರ್ ಮೇಷ್ಟ್ರು ಅನ್ನುತ್ತಾರೆ. ಬಂದ ಮೇಲ್‌ನ ಒಳಗೇನಿದೆ ಎಂದು ಅವರು ಓದಿದ್ದನ್ನು ಯಾರೂ ಕಂಡಿಲ್ಲ. ‘ಶೋ ಒರಿಜಿನಲ್’ ಒತ್ತಿ, ಹೆಡರ್ ಬಿಚ್ಚಿಕೊಂಡು, ಕನ್ನಡಕ ಹಣೆಗೇರಿಸಿ ಕೂತರೆ ಕಾಫಿ ಆರಿದ್ದೂ ತಿಳಿಯದು. “ನಾಳೆ ಬರುತ್ತೇನೆ” ಎಂಬ ಎರಡೇ ಪದದ ಮೇಲ್‌ಗೆ ಪುಟಗಟ್ಟಲೆ ಹೆಡರ್. ಮೂಗಿಗಿಂತ ಮೂಗುತಿ ಭಾರ ಅನ್ನುತ್ತಾರಲ್ಲ. ಮೇಷ್ಟ್ರಿಗೆ ಬೇಕಾದ್ದು ಮೂಗುತಿಯೇ.

‘ರಿಸೀವ್ಡ್’ ಸಾಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ದಾರಿಯಲ್ಲಿ ಸಿಕ್ಕ ಸರ್ವರ್ ಒಂದೊಂದೂ ತನ್ನ ಸಾಲನ್ನು ಮೇಲ್ತುದಿಗೆ ಸೇರಿಸುತ್ತ ಹೋಗುತ್ತದೆ. ಈ ರೂಢಿ ಎಷ್ಟು ಮೈಗೂಡಿದೆಯೆಂದರೆ ದರ್ಶಿನಿಯ ಬೋರ್ಡನ್ನೂ ಮೇಷ್ಟ್ರು ಕೆಳಗಿನಿಂದಲೇ ಓದುತ್ತಾರೆ. ಇಡ್ಲಿಯವರೆಗೆ ಬರುವಷ್ಟರಲ್ಲಿ ಇಡ್ಲಿ ಖಾಲಿ.

ಅಸಲಿ ಪಾಂಡಿತ್ಯ ಇರುವುದು ಸಬ್ಜೆಕ್ಟ್ ಸಾಲಿನಲ್ಲಿ. ಹೆಡರ್‌ನ ಹಳೆಯ ಕಟ್ಟಳೆಗೆ ಆಸ್ಕಿ ಅಕ್ಷರ ಬಿಟ್ಟು ಬೇರೇನೂ ಆಗದು. ಕನ್ನಡ ಅಲ್ಲಿ ಕಾಲಿಡಬೇಕಾದರೆ 1996ರ ಆರ್‌ಎಫ್‌ಸಿ 2047 ಹೇಳಿದಂತೆ ವೇಷ ಬದಲಿಸಬೇಕು. ಬೇಸ್64 ಅದರಲ್ಲೊಂದು. ಯುಟಿಎಫ್-8ರಲ್ಲಿ ಕನ್ನಡದ ಅಕ್ಷರಕ್ಕೂ ಕೊಂಬಿಗೂ ತಲಾ 3 ಬೈಟ್. 3 ಬೈಟ್ ಬೇಸ್64ರಲ್ಲಿ 4 ಅಕ್ಷರವಾಗುತ್ತದೆ. ಹೀಗಾಗಿ ಪ್ರತಿಯೊಂದೂ ‘4ಎಲ್‌ಕೆ’ ಅಥವಾ ‘4ಎಲ್‌ಓ’ ಎಂದೇ ಶುರು. ‘4ಎಲ್‌ಕೆವಿ’ ಕಂಡರೆ ಮೇಷ್ಟ್ರು ಥಟ್ಟನೆ “ಕ!” ಅನ್ನುತ್ತಾರೆ. ಈ ಬರಿಗಣ್ಣಿನ ಓದು ಮೊದಲ ಖಾಲಿಜಾಗದವರೆಗೆ ಮಾತ್ರ. ಅದಕ್ಕೆ ಒಂದೇ ಬೈಟಾದ್ದರಿಂದ ಲೆಕ್ಕ ಜಾರುತ್ತದೆ, ಮೇಷ್ಟ್ರು ಪೆನ್ನು ಕೇಳುತ್ತಾರೆ.

ಹೊಸ ಹುಡುಗನೊಬ್ಬ ಕೇಳಿದ: “ಸಾರ್, ಪಿಎಚ್‌ಪಿಯಲ್ಲಿ ಎಂಬಿ ಡಿಕೋಡ್ ಮೈಮ್‌ಹೆಡರ್ ಹಾಕಿದ್ರೆ ಆಯ್ತಲ್ವಾ?”

“ಯಾವ ವರ್ಷನ್ನಪ್ಪಾ? 8.3ಕ್ಕಿಂತ ಹಳೇದಾದ್ರೆ ‘ಕ್ಯೂ’ ಎನ್‌ಕೋಡಿಂಗ್‌ನಲ್ಲಿ ಬರೋ ಅಂಡರ್‌ಸ್ಕೋರನ್ನ ಖಾಲಿಜಾಗ ಮಾಡಲ್ಲ, ಹಂಗೇ ಬಿಟ್ಬಿಡುತ್ತೆ.”

“ಐಮ್ಯಾಪ್ ಫಂಕ್ಷನ್ನು?”

“8.4ರಲ್ಲಿ ಆ ಎಕ್ಸ್‌ಟೆನ್ಷನ್ನನ್ನೇ ಮನೆಯಿಂದ ಆಚೆ ಹಾಕಿದಾರೆ. ಬೇಕಾದೋರು ಪೆಕ್ಲ್‌ನಿಂದ ತಂದ್ಕೋಬೇಕು.”

ಹುಡುಗ ಯಾವುದೋ ಲೈಬ್ರರಿ ಇಳಿಸಿಕೊಂಡು, ಕೆಲಸ ಮುಗಿಸಿ, ಮನೆಗೆ ಹೋದ. ಮೇಷ್ಟ್ರು ಇನ್ನೂ ವಿವರಿಸುತ್ತಿದ್ದರು.

ಮೊನ್ನೆ ಅವರ ಷಡ್ಡಕರು ಮಗಳ ಲಗ್ನಪತ್ರಿಕೆಯನ್ನು ಮೇಲ್ ಮಾಡಿದರು. ಎನ್‌ಕೋಡ್ ಆದ ತುಂಡು ಒಂದೊಂದೂ 75 ಅಕ್ಷರ ಮೀರುವಂತಿಲ್ಲ. ಹಿಂದುಮುಂದಿನ ಚಿಹ್ನೆಗಳನ್ನು ಕಳೆದರೆ ಕನ್ನಡಕ್ಕೆ, ಕೊಂಬು ದೀರ್ಘ ಸೇರಿ, 15ಕ್ಕಷ್ಟೇ ಜಾಗ. ಉದ್ದದ ಸಬ್ಜೆಕ್ಟ್ ತುಂಡಾಗಲೇಬೇಕು. ಆದರೆ ಅಕ್ಷರದ ನಡುವೆ ಕತ್ತರಿ ಆಡಬಾರದೆಂಬುದು ನಿಯಮ. ಷಡ್ಡಕರ ಕಡೆಯ ಪ್ರೋಗ್ರಾಮು ಆಡಿಸಿತ್ತು: ‘ಮದು’ ಆದಮೇಲೆ ‘ವ’ ಎರಡು ಹೋಳಾಗಿ, ಆ ಜಾಗದಲ್ಲಿ ಕಪ್ಪು ವಜ್ರದೊಳಗೆ ಕೂತ ಪ್ರಶ್ನಾರ್ಥಕಗಳು.

ಮೇಷ್ಟ್ರು ತಕ್ಷಣ ಫೋನು ಹಚ್ಚಿದರು. “ಭಾವಾ, ಮದುವೆ ಮುರಿದುಬಿದ್ದಿದೆ.”

ಆ ಕಡೆ ಏನೋ ಬಿದ್ದ ಸದ್ದಾಯಿತು. “ಯಾರು ಹೇಳಿದ್ರು? ಗಂಡಿನ ಕಡೆಯೋರು ಫೋನ್ ಮಾಡಿದ್ರಾ?”

“ಅವರ್ಯಾಕೆ ಹೇಳ್ತಾರೆ? ಹೆಡರೇ ಹೇಳ್ತಿದೆಯಲ್ಲ! ಗಾಬರಿಯಾಗ್ಬೇಡಿ, ಎರಡು ತುಂಡನ್ನೂ ಬೈಟ್ ಮಟ್ಟದಲ್ಲೇ ಸೇರಿಸಿ ಆಮೇಲೆ ಯುಟಿಎಫ್-8 ಅಂತ ಓದಿದ್ರೆ ಕೂಡಿಕೊಳ್ಳುತ್ತೆ.”

ಷಡ್ಡಕರು ಫೋನನ್ನು ಹೆಂಡತಿಯ ಕೈಗೆ ಕೊಟ್ಟರಂತೆ. ಆಕೆ ಏನಂದರೋ, ಮೇಷ್ಟ್ರು ಆ ಭಾಗವನ್ನು ಡಿಕೋಡ್ ಮಾಡಿ ಹೇಳಲಿಲ್ಲ.

“ಅಂದಹಾಗೆ ಮುಹೂರ್ತ ಯಾವತ್ತು ಸಾರ್?” ಎಂದೆ.

“ಮೇಲ್ ಹೊರಟಿದ್ದು ಸೋಮವಾರ ಬೆಳಗ್ಗೆ 9.14ಕ್ಕೆ, ಪ್ಲಸ್ 0530.”

“ಮೇಲ್‌ದಲ್ಲ, ಮದುವೇದು.”

“ಅದು ಬಾಡಿಯಲ್ಲಿರಬೇಕು ಕಣಯ್ಯಾ,” ಎಂದರು ಮೇಷ್ಟ್ರು, ಮತ್ತೆ ಕನ್ನಡಕ ಹಣೆಗೇರಿಸುತ್ತ. “ಆ ಡಿಪಾರ್ಟ್‌ಮೆಂಟು ನಮ್ಮನೆಯೋರದ್ದು.”